ನಮ್ಮ ಕೈಯಡುಗೆಯ ಕ್ರಿಸ್ಮಸ್ ಊಟ

ಸಾರಿನ ಪಾತ್ರೆಯ ಮುಚ್ಚಳ ಎತ್ತಲು ಕೈ ಚಾಚಿದ್ದೆ, ಅಷ್ಟೆ. ಅಡುಗೆ ಭಟ್ಟರ ಸಹಾಯಕ ಓಡಿಬಂದು ನನಗೂ ಪಾತ್ರೆಗೂ ನಡುವೆ ನಿಂತುಬಿಟ್ಟ. "ಅಮ್ಮಾ, ಮುಟ್ಬೇಡಿ. ಏನ್ ಬೇಕು ಹೇಳಿ, ನಾನೇ ಕೊಡ್ತೀನಿ" ಎಂದ. ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ಅದು ನಮ್ಮದೇ ಚರ್ಚಿನ ಆವರಣ, ನಮ್ಮದೇ ಕ್ರಿಸ್ಮಸ್ ಊಟ, ಆ ಸಭೆಯ ಪಾದ್ರಿ ನಾನು. ನನ್ನ ಕೋಪ ಹಾಲಿನ ಹಾಗೆ, ನೋಡನೋಡುತ್ತಲೇ ಉಕ್ಕಿಬಿಡುತ್ತದೆ. ಆದರೆ ಹೊರಗೆ ಪಂಕ್ತಿ ಕೂತಿತ್ತು, ಬಾಯಿ ಮುಚ್ಚಿಕೊಂಡೆ. ಶಿಡ್ಲಘಟ್ಟಕ್ಕೆ ವರ್ಗವಾಗಿ ಬಂದ ಮೇಲೆ ಅದು ನನ್ನ ಮೊದಲ ಕ್ರಿಸ್ಮಸ್.

ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಬೀದಿಯವರಿಗೆಲ್ಲ ಊಟ ಹಾಕುವುದು ಈ ಚರ್ಚಿನ ಹಳೆಯ ರೂಢಿ. ಊರಿನ ದೊಡ್ಡವರೂ ಬರುತ್ತಾರೆ. ಶಾಮಿಯಾನದ ಕೆಳಗೆ ಕೂತು ಉಂಡು, ಎಲೆಯಡಿಕೆ ಹಾಕಿಕೊಂಡು, "ಏನೇ ಅನ್ನಿ, ಚರ್ಚಿನೋರು ಎಲ್ರ ಜೊತೆ ಹೊಂದ್ಕೊಂಡಿದಾರೆ" ಎಂದು ಹೊಗಳಿ ಹೋಗುತ್ತಾರೆ. ನಮ್ಮ ವಾರ್ಷಿಕ ವರದಿಯಲ್ಲಿ ಅದೇ 'ಸಮಾಜದೊಂದಿಗೆ ಬೆರೆತ ಸಭೆ' ಎಂದಾಗುತ್ತದೆ. ಆ ದಿನ ನಾನು ತಿರುಗಿ ನೋಡಿದರೆ ನಮ್ಮ ಸಭೆಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ಗುಂಪಾಗಿ ಕೂತಿದ್ದರು. ಒಲೆಗೆ ಅಡ್ಡವಾಗಿ ಕಟ್ಟಿದ್ದ ಟಾರ್ಪಾಲಿನಿಂದಾಚೆಗೆ ಒಬ್ಬಳೂ ಕಾಲಿಡುತ್ತಿರಲಿಲ್ಲ.

ಅವರ ಮುಂದಾಳು ಸ್ತ್ರೀ ಸಂಘದ ಅಧ್ಯಕ್ಷೆ. ಸಭೆಯವರೆಲ್ಲ ಆಕೆಯನ್ನು ಸಂಘದಕ್ಕ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ವಾರವೆಲ್ಲ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕುದಿನೀರಿನ ಗೂಡುಗಳಿಂದ ಎಳೆ ಹಿಡಿಯುವ ಕೆಲಸ. ಬೆರಳ ತುದಿಗಳು ಸದಾ ಬೆಳ್ಳಗೆ ನೆರಿಗೆಗಟ್ಟಿರುತ್ತವೆ. ಅಡುಗೆಯ ಮಾತಿಗೆ ಬಂದರೆ, ಆಕೆಯ ಮನೆಯಲ್ಲಿ ಒಮ್ಮೆ ಉಂಡವರು ಮತ್ತೆ ಹೋಗಲು ನೆಪ ಹುಡುಕುತ್ತಾರೆ. ನಾನೇ ಎಷ್ಟೋ ಸಲ ಪ್ರಾರ್ಥನೆಯ ನೆಪ ಹೇಳಿಕೊಂಡು ಹೋಗಿದ್ದೇನೆ.

"ನೀವಿರುವಾಗ ಹೊರಗಿನವರನ್ನು ಯಾಕೆ ಕರೆಸ್ತಾರೆ?" ಎಂದು ಆ ದಿನ ಕೇಳಿದೆ.

"ನಾವ್ ಮಾಡಿದ್ರೆ ಯಾರ್ ತಿಂತಾರೆ ಅಮ್ನೋರೆ?" ಎಂದರು ಸಂಘದಕ್ಕ, ನಗುನಗುತ್ತಲೇ.

ನಮ್ಮ ಸಭೆಯ ಹೆಚ್ಚಿನ ಮನೆಗಳು ಹಿಂದೆ ಊರಾಚೆಯ ಕೇರಿಯಲ್ಲಿದ್ದ ದಲಿತ ಮನೆಗಳು. ಗೌರಿಬಿದನೂರಿನ ಕಡೆಯ ನನ್ನ ತವರೂ ಅಂಥದ್ದೇ. ಆದ್ದರಿಂದ ಆಕೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಆ ನಗು ಮಾತ್ರ ವರ್ಷವಿಡೀ ನನ್ನನ್ನು ಕಾಡಿತು. ಅತ್ತಿದ್ದರೆ ಸಮಾಧಾನವಾದರೂ ಹೇಳಬಹುದಿತ್ತು.

ಮುಂದಿನ ಚಳಿಗಾಲ ಶುರುವಾಗುತ್ತಿದ್ದ ಹಾಗೆ ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿ ಅಡುಗೆ ಭಟ್ಟರ ಮನೆಗೆ ಹೋದೆ. ಈ ಸಲ ನಿಮ್ಮನ್ನು ಕರೆಯುವುದಿಲ್ಲ ಎಂದು ಎದುರಿಗೇ ಹೇಳಬೇಕೆಂದಿದ್ದೆ, ಮಡಿ ಮೈಲಿಗೆಯ ಬಗ್ಗೆ, ಭಾನುವಾರ ಚರ್ಚಿನಲ್ಲಿ ಮಾಡುವಂಥ ಸಣ್ಣದೊಂದು ಪ್ರಸಂಗವನ್ನೂ ಸಿದ್ಧಮಾಡಿಕೊಂಡಿದ್ದೆ. ಅವರು ಕಾಫಿ ಕೊಟ್ಟು, ನನ್ನ ಪ್ರಸಂಗವನ್ನು ಅರ್ಧಕ್ಕೇ ನಿಲ್ಲಿಸಿದರು.

"ಅಯ್ಯೋ ತಾಯಿ, ನಾನು ಕೇಟರಿಂಗ್ ಮಾಡೋನು. ನಮ್ಮ ಹುಡುಗ್ರು ಯಾವ್ ಜಾತಿ ಅಂತ ನಾನೇ ಕೇಳಲ್ಲ. ನಿಮ್ಮೋರು ಯಾರೂ ಪಾತ್ರೆ ಹತ್ರ ಬರ್ದಂಗೆ ನೋಡ್ಕೊಳ್ಳಿ ಅಂತ ಹೇಳಿದ್ದು ನಿಮ್ಮ ಸೆಕ್ರೆಟರಿ ಮೇಷ್ಟ್ರೇ."

ನಾನು ಕಾಫಿ ಲೋಟ ಕೆಳಗಿಟ್ಟೆ. ಅಂದರೆ ಆ ಟಾರ್ಪಾಲನ್ನು ಕಟ್ಟಿಸಿದವರು ನಾವೇ. ನಮ್ಮ ಹೆಂಗಸರನ್ನು ನಮ್ಮ ಒಲೆಯಿಂದ ದೂರ ಇಡಲು ನಾವೇ ದುಡ್ಡು ಕೊಟ್ಟು ಜನ ಕರೆಸಿದ್ದೆವು. ವಾಪಸ್ಸು ಬರುವ ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಮೇಷ್ಟ್ರಿಗೆ ಏನೇನು ಬೈಯಬೇಕು ಎಂದು ಜೋಡಿಸಿಕೊಳ್ಳುತ್ತಾ ಕೂತಿದ್ದೆ.

ಮೇಷ್ಟ್ರು ನಮ್ಮ ಸಭೆಯ ಕಾರ್ಯದರ್ಶಿ, ನಿವೃತ್ತ ಶಾಲಾ ಶಿಕ್ಷಕರು. ಇಸ್ತ್ರಿ ಮಾಡಿದ ಅಂಗಿ ಬಿಟ್ಟು ಬೇರೆ ಅಂಗಿಯಲ್ಲಿ ಅವರನ್ನು ಯಾರೂ ಕಂಡಿಲ್ಲ. ಭಟ್ಟರು ಹೇಳಿದ್ದನ್ನು ಮೊದಲು ಅವರ ಮುಂದಿಟ್ಟೆ. ಇಲ್ಲ ಎನ್ನಲಿಲ್ಲ.

"ನಾನ್ ಚಿಕ್ಕೋನಿದ್ದಾಗ ಒಂದ್ಸಲ ಈ ಊಟಾನ ನಮ್ಮಮ್ಮನೇ ಮಾಡಿದ್ರು ಕಣಮ್ಮ" ಎಂದರು. "ಇಡೀ ಬೀದಿಯೋರು ಬರ್ತೀವಿ ಅಂದಿದ್ರು. ಒಬ್ರೂ ಬರ್ಲಿಲ್ಲ. ನಮ್ಮಮ್ಮ ಗೇಟ್ ಹತ್ರಾನೇ ನಿಂತಿದ್ರು. ಸಾಯಂಕಾಲ ಹಿಂದ್ಗಡೆ ಗುಂಡಿ ತೋಡಿ ಅನ್ನ ಸುರಿದ್ವಿ. ಆಮೇಲೆ ಅವ್ರು ಇರೋವರ್ಗೂ ಹಬ್ಬಕ್ಕೆ ಒಂದು ಪಾಯಸಾನೂ ಮಾಡ್ಲಿಲ್ಲ. ಇನ್ನೊಬ್ಬ ಹೆಂಗಸಿಗೆ ಹಂಗಾಗ್ಬಾರ್ದು ಅಂತ ಭಟ್ಟರನ್ನ ಕರೆಸಿದ್ದು. ತಪ್ಪಾ?"

ದಾರಿಯುದ್ದಕ್ಕೂ ಜೋಡಿಸಿ ತಂದಿದ್ದ ಬೈಗುಳವನ್ನೆಲ್ಲ ನುಂಗಿಕೊಂಡೆ. ಆ ಮನುಷ್ಯನ ಮೇಲೆ ನನಗೆ ತಡೆಯಲಾರದಷ್ಟು ಪ್ರೀತಿ ಬಂತು. ಆದರೂ ಅವರು ಮಾಡಿದ್ದು ಸರಿ ಎನ್ನಲು ಮನಸ್ಸು ಒಪ್ಪಲಿಲ್ಲ. ಪಾದ್ರಿ ತರಬೇತಿಯಲ್ಲಿ ನಮಗೆ ಎರಡು ಮಾತು ಹೇಳಿಕೊಟ್ಟಿದ್ದರು. ಸಭೆ ಲೋಕದ ಹಾಗೇ ಆಗಿಬಿಡಬಾರದು, ಲೋಕಕ್ಕೆ ಬೇಡವಾದದ್ದೂ ಆಗಬಾರದು. ಎರಡನ್ನೂ ಒಟ್ಟಿಗೆ ಹೇಗೆ ಮಾಡುವುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮೇಷ್ಟ್ರು ಎರಡನೆಯದನ್ನು ಉಳಿಸಿಕೊಳ್ಳಲು ಹೋಗಿ ಮೊದಲನೆಯದನ್ನು ಕೈಬಿಟ್ಟಿದ್ದರು. ಬೀದಿಯವರು ಬರುತ್ತಿದ್ದರು, ನಿಜ. ಆದರೆ ನಮ್ಮಲ್ಲಿಗೆ ಬಂದು ತಮ್ಮ ಮನೆಯ ಕಟ್ಟಳೆಯ ಊಟವನ್ನೇ ಉಂಡು ಹೋಗುತ್ತಿದ್ದರು.

ಸಮಿತಿಯ ಸಭೆ ಕರೆದೆ. ಅಡುಗೆ ನಮ್ಮ ಹೆಂಗಸರದ್ದೇ ಆಗಲಿ, ಊಟ ಸಸ್ಯಾಹಾರವೇ ಇರಲಿ, ಜಾತಿಯೊಂದನ್ನು ಬಿಟ್ಟು ಬೇರೆ ಯಾವ ನೆಪವೂ ಯಾರಿಗೂ ಸಿಗಬಾರದು ಎಂದೆ. ಗದ್ದಲವಾಯಿತು. ಕಡೆಗೆ ಮೇಷ್ಟ್ರು ಒಂದು ಮಧ್ಯದ ದಾರಿ ಹುಡುಕಿದರು.

"ನಮ್ಮೋರೇ ಮಾಡ್ಲಿ. ಯಾರು ಮಾಡಿದ್ದು ಅಂತ ಹೇಳೋದು ಬೇಡ. ಕೇಳಿದ್ರೆ ತಾನೆ!"

ನಿಜ ಹೇಳುತ್ತೇನೆ, ಅದು ನನಗೆ ಹಿಡಿಸಿತು. ಯಾರಿಗೂ ನೋವಿಲ್ಲ, ಶಾಮಿಯಾನವೂ ತುಂಬುತ್ತದೆ. ಆದರೆ ಮೂಲೆಯಲ್ಲಿ ಕೂತಿದ್ದ ಸಂಘದಕ್ಕ ಸೆರಗು ಬಿಗಿದುಕೊಂಡು ಎದ್ದುನಿಂತರು.

"ಹೇಳ್ದೆ ಬಡ್ಸಿದ್ರೆ ಮೋಸ ಆಗುತ್ತೆ. ಆಮೇಲೆ ಗೊತ್ತಾದ್ರೆ ಅವ್ರು ಉಗುಳ್ತಾರೆ, ನಾನು ಅದನ್ನ ನೋಡ್ಬೇಕು. ನಾನೇ ಮನೆಮನೆಗೆ ಹೋಗ್ತೀನಿ. ನಾನ್ ಮಾಡ್ತೀನಿ, ಬನ್ನಿ ಅಂತ ನನ್ ಬಾಯಲ್ಲೇ ಹೇಳ್ತೀನಿ. ಬರೋರು ಬರ್ಲಿ."

"ಯಾರೂ ಬರ್ದಿದ್ರೆ?" ಎಂದರು ಮೇಷ್ಟ್ರು. ಅವರ ದನಿ ಸಣ್ಣಗಾಗಿತ್ತು.

"ನಾವ್ ತಿನ್ನೋದ್ ಇದ್ಯಲ್ಲ ಮೇಷ್ಟ್ರೆ" ಎಂದರು ಸಂಘದಕ್ಕ. ಈ ಸಲ ನಗಲಿಲ್ಲ.

ಅಡುಗೆ ಏನು ಮಾಡುವುದು ಎನ್ನುವುದರಲ್ಲಿ ತಕರಾರೇ ಇರಲಿಲ್ಲ. ಡಿಸೆಂಬರಿನಲ್ಲಿ ನಮ್ಮ ಕಡೆ ಸೊಗಡಿನ ಅವರೆಕಾಯಿ ಬಿಟ್ಟು ಬೇರೆ ಯೋಚನೆ ಮಾಡುವವರು ಮನುಷ್ಯರೇ ಅಲ್ಲ. ರಾಗಿ ಮುದ್ದೆ, ಹಿತಕಿದ ಅವರೆಬೇಳೆ ಸಾರು, ಅನ್ನ, ಶಾವಿಗೆ ಪಾಯಸ. ಮನೆಯ ಮುದ್ದೆ ಎಲ್ಲರಿಗೂ ಗೊತ್ತು. ಬೀದಿಗೆಲ್ಲ ಸಾಲುವ ಮುದ್ದೆ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಊಟಕ್ಕೆ ಮುಂಚಿನ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ತಾಲೀಮು ಇಟ್ಟುಕೊಂಡೆವು.

ಒಲೆಗೆ ಹಿಪ್ಪುನೇರಳೆ ಕಡ್ಡಿ. ರೇಷ್ಮೆಹುಳ ಸೊಪ್ಪು ತಿಂದು ಬಿಟ್ಟ ಕಡ್ಡಿಗಳು ಇಲ್ಲಿ ಎಲ್ಲರ ಹಿತ್ತಿಲಲ್ಲೂ ರಾಶಿ ಬಿದ್ದಿರುತ್ತವೆ. ಅವು ಬುಗ್ಗನೆ ಹತ್ತಿ ಬೇಗ ಆರುತ್ತವೆ. ನೀರು ಮರಳಿದ ಮೇಲೆ ಹಿಟ್ಟು ಸುರಿದು, ನಡುವೆ ಕೋಲು ನಿಲ್ಲಿಸಿ, ಕೈಯಾಡಿಸದೆ ಬೇಯಲು ಬಿಡಬೇಕು. ಹಿಟ್ಟು ಬೆಂದ ಮೇಲೆ ಇಬ್ಬರು ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದುಕೊಳ್ಳಬೇಕು, ಒಬ್ಬರು ತಿರುವಬೇಕು. ಬೇಯುವ ಹೊತ್ತಿಗೇ ಉರಿ ಸತ್ತುಹೋಯಿತು. ಸಂಘದಕ್ಕ ಹಟಕ್ಕೆ ಬಿದ್ದು ಹಾಗೇ ತಿರುವಿದರು. ಒಳಗೆಲ್ಲ ಹಸಿಹಿಟ್ಟಿನ ಗಂಟು. ಸಭೆಯವರೆಲ್ಲ ಕೂತು ಆ ಮುದ್ದೆಯನ್ನು ಪ್ರಾಯಶ್ಚಿತ್ತದ ಹಾಗೆ ನುಂಗಿದರು.

"ಇದನ್ನ ಬಡ್ಸಿದ್ರೆ ಜಾತಿ ನೋಡ್ದೇನೇ ಓಡೋಗ್ತಾರೆ" ಎಂದರು ಮೇಷ್ಟ್ರು. ಸಂಘದಕ್ಕ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಬಂದು, ಒಂದು ದೊಡ್ಡ ಪಾತ್ರೆಯ ಬದಲು ಸಣ್ಣ ಪಾತ್ರೆಗಳಲ್ಲಿ ಒಂದಾದ ಮೇಲೊಂದು ತಿರುವೋಣ, ಮುದ್ದೆ ಬಿಸಿಯಾಗಿಯೂ ಇರುತ್ತದೆ, ಉರಿಗೆ ಮಾತ್ರ ಹುಣಸೆ ಸೌದೆ ಬೇಕು ಎಂದರು. ಮುಂದಿನ ತಾಲೀಮಿನಲ್ಲಿ ಮುದ್ದೆ ಬೆಣ್ಣೆಯ ಹಾಗೆ ಬಂತು.

ಆಮೇಲೆ ಮನೆಮನೆ ಕರೆ ಶುರುವಾಯಿತು. ಸಂಘದಕ್ಕ ದುಡಿಯುವ ನೂಲು ಘಟಕದ ಮಾಲೀಕರು ಮುಸ್ಲಿಮರು, ಮೊದಲು ಅವರಲ್ಲಿಗೆ ಹೋದೆವು. "ದಿನಾ ಇವ್ರು ಹಾಕಿದ್ ಚಾಯ್ ಕುಡೀತೀನಿ, ಊಟಕ್ಕೇನ್ ಅಡ್ಡಿ? ಕೆಲ್ಸದೋರ್ನೆಲ್ಲ ಕರ್ಕೊಂಡು ಬರ್ತೀನಿ" ಎಂದರು. ಅಂಗಡಿಯವರು ನೋಡೋಣ ಎಂದರು. ಕೊನೆಗೆ ಚರ್ಚಿನ ಗೋಡೆಗೆ ಗೋಡೆ ಅಂಟಿಕೊಂಡಿರುವ ಗೌಡರ ಮನೆ. ಜಂಗಮಕೋಟೆಯ ಕಡೆ ಜಮೀನು, ರೇಷ್ಮೆಹುಳು ಸಾಕುವ ಮನೆ, ಹಸುಗಳಿರುವ ಕುಟುಂಬ. ಗೌಡರು ಒಳ್ಳೆಯವರು. ನಮ್ಮ ಬೋರ್‌ವೆಲ್ ಕೆಟ್ಟಾಗ ಕೇಳದೆಯೇ ಪೈಪು ಎಳೆದು ನೀರು ಕೊಟ್ಟವರು. ಪ್ರತಿ ವರ್ಷ ಊಟದ ಬಾಳೆಎಲೆಯೂ ಅವರದ್ದೇ.

"ಬರ್ದೇ ಇರ್ತೀವಾ ಅಮ್ಮಾ? ಎಲೆ ನಂದಲ್ವಾ!" ಎಂದರು ಗೌಡರು ಉತ್ಸಾಹದಿಂದ.

"ಈ ಸಲ ಭಟ್ರಿಲ್ಲ ಗೌಡ್ರೆ" ಎಂದರು ಸಂಘದಕ್ಕ. "ನಾನು, ನಮ್ ಹೆಂಗಸ್ರು ಮಾಡ್ತೀವಿ."

ಗೌಡರು ಒಂದು ಸಲ ಆಕಾಶ ನೋಡಿದರು. "ಈ ವರ್ಷ ಚಳಿ ಜಾಸ್ತಿ" ಎಂದರು. ಬಾಗಿಲ ಹಿಂದೆ ಅವರ ಹೆಂಡತಿ ನಿಂತಿದ್ದರು. ಸೀರೆಯ ಅಂಚಷ್ಟೇ ಕಾಣುತ್ತಿತ್ತು.

ಶನಿವಾರ ಮಧ್ಯಾಹ್ನ ಚರ್ಚಿನ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿತಕಲು ಕೂತೆವು. ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಬೇಸಿನ್ನಿಗೆ ಬೀಳುತ್ತದೆ. ಒಬ್ಬರೇ ಮಾಡುವ ಕೆಲಸವಲ್ಲ ಅದು, ಮಾತು ಬೇಕು, ಜನ ಬೇಕು. ನೋಡನೋಡುತ್ತಿದ್ದ ಹಾಗೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತರು. ಗೌಡರ ಹೆಂಡತಿಯೂ ಮಣೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅವರು ಚಿಂತಾಮಣಿಯ ಆಚೆಯ ಹಳ್ಳಿಯವರು, ಖುಷಿಯಾದರೆ ಮಾತು ತೆಲುಗಿಗೆ ಹೊರಳುತ್ತದೆ. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾರ ಹುಳು ಗೂಡು ಕಟ್ಟಿತು, ಎಲ್ಲ ಆಯಿತು. ಒಂದೇ ಬೇಸಿನ್ನಿನಲ್ಲಿ ಎಲ್ಲರ ಕೈ.

ನನ್ನ ಮನಸ್ಸು ಹಿಗ್ಗಿಹೋಯಿತು. "ನೋಡಿ, ಎಲ್ಲರೂ ಬಂದಿದ್ದಾರೆ!" ಎಂದು ಸಂಘದಕ್ಕನ ಕಿವಿಯಲ್ಲಿ ಹೇಳಿದೆ.

"ಹಸಿ ಕಾಳಿಗೆ ಮೈಲಿಗೆ ಇಲ್ಲ ಅಮ್ನೋರೆ. ಬೆಂದ್ಮೇಲೆ ನೋಡಿ" ಎಂದರು ಅವರು.

ಭಾನುವಾರ ಬೆಳಿಗ್ಗೆ ಗೌಡರ ಟೆಂಪೊದಲ್ಲಿ ಬಾಳೆಎಲೆ ಬಂತು, ಹೋದ ವರ್ಷಕ್ಕಿಂತ ಹೆಚ್ಚೇ. ಜೊತೆಗೆ ಡ್ರೈವರ್ ಒಂದು ಸುದ್ದಿಯನ್ನೂ ತಂದಿದ್ದ. ಗೌಡರಿಗೆ ಹೊಟ್ಟೆನೋವಂತೆ. ಹತ್ತು ಗಂಟೆಯಿಂದ ಫೋನುಗಳು ಶುರುವಾದವು. ದಿನಸಿ ಅಂಗಡಿಯವರಿಗೆ ಹೊಟ್ಟೆ ಸರಿಯಿಲ್ಲ, ಅವರ ತಮ್ಮನಿಗೂ ಸರಿಯಿಲ್ಲ, ಪ್ರತಿ ವರ್ಷ ಮೊದಲ ಪಂಕ್ತಿಯಲ್ಲಿ ಕೂರುತ್ತಿದ್ದ ಮುಖಂಡರಿಗೆ ಬೆಂಗಳೂರಿನಲ್ಲಿ ತುರ್ತು ಕೆಲಸ. ನಮ್ಮ ಬೀದಿಯಲ್ಲಿ ಒಂದೇ ದಿನ ಅಷ್ಟು ಹೊಟ್ಟೆಗಳು ಕೆಟ್ಟದ್ದು ಆಸ್ಪತ್ರೆಯವರಿಗೆ ಗೊತ್ತಾಗಿದ್ದರೆ ಗಾಬರಿಯಾಗುತ್ತಿದ್ದರು.

ಸಾರು ಕುದಿಯುತ್ತಿತ್ತು. ಕೊತ್ತಂಬರಿ, ತೆಂಗಿನಕಾಯಿ, ಚಕ್ಕೆ ಲವಂಗ ರುಬ್ಬಿ ಹಾಕಿದ ಘಮಲು ಗೋಡೆ ಹಾರಿ ಬೀದಿಯ ತುದಿಯವರೆಗೆ ಹೋಗುತ್ತಿತ್ತು. ನೂಲು ಘಟಕದ ಮಾಲೀಕರು ಮಾತಿಗೆ ತಪ್ಪದೆ ಕೆಲಸದವರನ್ನೆಲ್ಲ ಕರೆದುಕೊಂಡು ಬಂದರು. ನಮ್ಮ ಸಭೆಯವರು ಇದ್ದರು. ನಮ್ಮ ಕೇರಿಯಿಂದಲೇ ಬೌದ್ಧರಾದ ಮನೆಯೊಂದರ ಕಾಲೇಜು ಮೇಡಂ ತಮ್ಮ ವಿದ್ಯಾರ್ಥಿನಿಯರ ಜೊತೆ ಬಂದರು. ಅಷ್ಟೆ. ಶಾಮಿಯಾನದ ಅರ್ಧ ಖಾಲಿ. ಮೇಷ್ಟ್ರು ಗೇಟಿನ ಹತ್ತಿರ ನಿಂತವರು ಅಲ್ಲಿಂದ ಅಲುಗಲೇ ಇಲ್ಲ. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ದಿನಸಿ ಅಂಗಡಿಯವರ ಕೆಲಸದವನು ಒಂದು ಟಿಫಿನ್ ಡಬ್ಬಿ ಹಿಡಿದು ಬಂದ. ಅವನ ಹಿಂದೆ ಇನ್ನೊಬ್ಬ, ಇನ್ನೂ ದೊಡ್ಡ ಡಬ್ಬಿಯೊಂದಿಗೆ. "ಅಂಗಡಿ ಬಿಟ್ಟು ಬರಕ್ಕಾಗಲ್ವಂತೆ, ಪಾರ್ಸಲ್ ಕೊಡ್ಬೇಕಂತೆ." ಮೇಷ್ಟ್ರ ಮುಖದಲ್ಲಿ ಜೀವ ಬಂತು. ಓಡಿಬಂದು ನನ್ನ ತೋಳು ಹಿಡಿದರು. "ಅಮ್ಮಾ, ಕೊಟ್ಬಿಡಣ. ಪಾತ್ರೆ ಖಾಲಿ ಆಗುತ್ತೆ. ಗುಂಡಿ ತೋಡೋದ್ ಬೇಡ."

ಅವರ ಕಣ್ಣಲ್ಲಿ ನೀರಿತ್ತು. ಹೂಂ ಎನ್ನುವುದು ಎಷ್ಟು ಸುಲಭವಾಗಿತ್ತು! ವರದಿಯಲ್ಲಿ ಎಲ್ಲರೂ ಉಂಡರು ಎಂದು ಬರೆಯಬಹುದಿತ್ತು. ಆದರೆ ಡಬ್ಬಿಯೊಳಗೆ ಹೋದ ಊಟವನ್ನು ಉಂಡರೋ, ಹಸುವಿನ ಕಲಗಚ್ಚಿನ ಬಾನಿಗೆ ಸುರಿದರೋ ಯಾರಿಗೆ ಗೊತ್ತು? ಉಂಡರೂ ಉಂಡಿಲ್ಲ ಎನ್ನಬಹುದು. ಟಾರ್ಪಾಲನ್ನು ಇಲ್ಲಿ ಬಿಚ್ಚಿ ಅವರವರ ಅಡುಗೆಮನೆಯ ಬಾಗಿಲಿಗೆ ಕಟ್ಟಿದ ಹಾಗಾಗುತ್ತಿತ್ತು. ನಾನು ಒಲೆಯ ಹತ್ತಿರ ಹೋಗಿ ಸಂಘದಕ್ಕನನ್ನು ಕೇಳಿದೆ. ಅವರು ಮುದ್ದೆ ಕಟ್ಟುತ್ತಿದ್ದ ಒದ್ದೆ ಕೈಯನ್ನು ಒರೆಸಿಕೊಳ್ಳಲೂ ಇಲ್ಲ.

"ನೀವೇ ಹೇಳಿ ಅಮ್ನೋರೆ" ಎಂದರು. "ನಂಗೆ ಧೈರ್ಯ ಸಾಲ್ತಿಲ್ಲ."

ಗೇಟಿಗೆ ಬಂದು ಹೇಳಿದೆ: ಹಾಸಿಗೆ ಹಿಡಿದವರಿಗೆ, ನಡೆಯಲಾರದ ಮುದುಕರಿಗೆ ನಾವೇ ಮನೆಗೆ ತಂದುಕೊಡುತ್ತೇವೆ. ಮಿಕ್ಕವರು ಯಾವಾಗ ಬಂದರೂ ಎಲೆ ಹಾಕಿ ಬಡಿಸುತ್ತೇವೆ. ಪಾರ್ಸಲ್ ಇಲ್ಲ. ಡಬ್ಬಿಗಳು ವಾಪಸ್ಸು ಹೋದವು. ಡಬ್ಬಿ ತಂದವರಿಬ್ಬರನ್ನೂ ಕೂರಿಸಿ ಊಟ ಮಾಡಿಸಿಯೇ ಕಳಿಸಿದೆವು, ಅದು ಬೇರೆ ಮಾತು. ಮೇಷ್ಟ್ರು ಮುಖ ತಿರುಗಿಸಿಕೊಂಡು ಹೋಗಿ ಖಾಲಿ ಬೆಂಚಿನ ಮೇಲೆ ಕೂತರು. ಸಂಘದಕ್ಕನ ಮರ್ಯಾದೆಯನ್ನು ನಾನೇ ಬೀದಿಗೆ ಹರಡಿ, ಕಾಯುತ್ತಾ ಕೂತ ಹಾಗಿತ್ತು.

ಎರಡು ಪಂಕ್ತಿ ಮುಗಿದು ಸಾರು ಅರ್ಧ ಉಳಿದಿತ್ತು. ಆಗ ಹಿಂದಿನ ಸಣ್ಣ ಗೇಟು ಕಿರ್ ಎಂದಿತು. ಗೌಡರ ಹೆಂಡತಿ ಸೆರಗಿನ ಕೆಳಗೆ ಒಂದು ಸ್ಟೀಲ್ ಡಬ್ಬಿ ಮುಚ್ಚಿಟ್ಟುಕೊಂಡು ನೇರವಾಗಿ ಒಲೆಯ ಹತ್ತಿರ ಬಂದರು.

"ಹೊಟ್ಟೆನೋವು ಅವ್ರಿಗೆ, ನಂಗಲ್ಲ" ಎಂದರು. "ಬೆಳಿಗ್ಗೆಯಿಂದ ಆ ವಾಸ್ನೆ ತಡ್ಕೊಳ್ಳಕ್ಕಾಗ್ತಿಲ್ಲ. ನಿನ್ನೆ ಹಿತಕಿ ಹಿತಕಿ ಉಗುರು ನೋವು ಬಂದಿದೆ ನಂಗೆ. ಇದಕ್ಕೊಂದಿಷ್ಟು ಹಾಕಮ್ಮ, ಬೇಗ."

ನನ್ನ ನಾಲಿಗೆಯ ತುದಿಗೆ 'ಹಾಕಿಬಿಡಿ' ಎಂಬ ಮಾತು ಬಂದಿತ್ತು. ಇಷ್ಟಾದರೂ ಆಯಿತಲ್ಲ ಎನ್ನಿಸಿತ್ತು. ಸಂಘದಕ್ಕ ನನ್ನ ಕಡೆ ನೋಡಲೇ ಇಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೆಲ್ಲಗೆ ಪಕ್ಕದ ಕಟ್ಟೆಯ ಮೇಲಿಟ್ಟರು.

"ಡಬ್ಬಿಗೆ ಹಾಕಲ್ಲಕ್ಕ. ಕೂತ್ಕೊಳ್ಳಿ, ಎಲೆ ಹಾಕ್ತೀನಿ. ನಿಮ್ಮನೇದೇ ಎಲೆ."

ಗೌಡರ ಹೆಂಡತಿ ಶಾಮಿಯಾನದ ಕಡೆ ನೋಡಿದರು. ಬೀದಿಯಿಂದ ಅದು ಪೂರ್ತಿ ಕಾಣುತ್ತಿತ್ತು. ಎದುರು ಮನೆಯ ಮಹಡಿಯ ಮೇಲೆ ಇಬ್ಬರು ನಿಂತು ನೋಡುತ್ತಲೂ ಇದ್ದರು. ಡಬ್ಬಿಯ ಕಡೆ ನೋಡಿದರು, ಸಾರಿನ ಕಡೆ ನೋಡಿದರು. ಮೇಷ್ಟ್ರು ಬೆಂಚಿನಿಂದ ಅರ್ಧ ಎದ್ದು ಹಾಗೇ ನಿಂತುಬಿಟ್ಟಿದ್ದರು.

"ನೀನ್ ಉಂಡ್ಯಾ?" ಎಂದು ಗೌಡರ ಹೆಂಡತಿ ಸಂಘದಕ್ಕನನ್ನು ಕೇಳಿದರು.

"ಇಲ್ಲಕ್ಕ."

"ಹಂಗಾದ್ರೆ ಬಾ, ನೀನೂ ಕೂತ್ಕೊ. ನಾನೊಬ್ಳೇ ಕೂತ್ಕೊಂಡು ಎಲ್ರ ಕೈಲಿ ನೋಡಿಸ್ಕೊಳ್ಳಲ್ಲ."

ಇಬ್ಬರೂ ಅಕ್ಕಪಕ್ಕ ಕೂತರು. ಬಡಿಸಿದ್ದು ನಾನು. ಕೈ ಒದ್ದೆ ಮಾಡಿಕೊಳ್ಳದೆ ಮುದ್ದೆ ಎತ್ತಿ ಅಂಗೈ ಸುಟ್ಟುಕೊಂಡೆ, ಇಬ್ಬರೂ ನಕ್ಕರು. ಗೌಡರ ಹೆಂಡತಿ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿ, ಕಣ್ಣು ಮುಚ್ಚಿಕೊಂಡರು. ಆಮೇಲೆ ತಟ್ಟನೆ ಎಲೆ ಮುಂದೆ ಮಾಡಿ "ಇಂಕಾ ಕೊಂಚಂ ವೆಯ್ಯಮ್ಮಾ" ಎಂದರು. ಇನ್ನಷ್ಟು ಸಾರು ಹಾಕಿದೆ. ಮೇಷ್ಟ್ರು ಪಾಯಸದ ಬಕೆಟ್ಟು ಹಿಡಿದು ಬಂದು ಬಡಿಸಿದರು. ಅಂಗಿಯ ತೋಳಿನ ಮೇಲೆಲ್ಲ ಪಾಯಸ ಚೆಲ್ಲಿಕೊಂಡಿದ್ದರೂ ಅವರಿಗೆ ಗೊತ್ತಾಗಿರಲಿಲ್ಲ.

ಆ ದಿನ ಬೀದಿಯಿಂದ ಬೇರೆ ಯಾರೂ ಬರಲಿಲ್ಲ. ಉಳಿದ ಸಾರನ್ನು ನೂಲು ಘಟಕದ ಹೆಂಗಸರು, ನಮ್ಮವರು ಸಂಜೆ ಮತ್ತೆ ಕೂತು ಮುಗಿಸಿದರು. ಇದನ್ನು ಗೆಲುವು ಎಂದು ಕರೆಯಲು ನನಗೆ ಸಂಕೋಚ. ಆದರೆ ಆ ಎರಡು ಎಲೆಗಳ ಮುಂದೆ ಸೌಟು ಹಿಡಿದು ನಿಂತಾಗ ಆದಷ್ಟು ಸಂತೋಷ ಯಾವ ಪ್ರಸಂಗ ಮಾಡಿದಾಗಲೂ ನನಗೆ ಆಗಿಲ್ಲ.

ಊಟ ಮುಗಿಯುತ್ತಾ ಬಂದಾಗ ಗೌಡರ ಹೆಂಡತಿ ತಾವೇ ಮಾತು ತೆಗೆದರು. "ಮನೇಲಿ ಕೇಳ್ತಾರೆ."

"ಏನಂತೀರಿ?" ಎಂದೆ.

"ಊಟ ಆಯ್ತು ಅಂತೀನಿ. ಎಲ್ಲಿ ಅಂದ್ರೆ ಚರ್ಚಲ್ಲಿ ಅಂತೀನಿ. ಯಾರ್ ಮಾಡಿದ್ದು ಅಂತಾರೆ..." ಎಂದವರು ಅಲ್ಲಿಗೇ ನಿಲ್ಲಿಸಿ ಪಕ್ಕಕ್ಕೆ ತಿರುಗಿದರು. ಸಂಘದಕ್ಕನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಅಲ್ಲ ಕಣೇ, ಇಷ್ಟು ವರ್ಷದಿಂದ ನಮ್ಮನೆ ಮುಂದೇನೇ ಓಡಾಡ್ತೀಯ. ಒಂದಿನಾನೂ ಕೇಳ್ಲಿಲ್ವಲ್ಲ ನಾನು. ನಿನ್ ಹೆಸ್ರೇನಮ್ಮ?"

ಸಂಘದಕ್ಕ ಬಾಯಲ್ಲಿದ್ದ ತುತ್ತು ನುಂಗಿಕೊಂಡರು.

"ಎಸ್ತೇರಮ್ಮ" ಎಂದರು.

"ಎಸ್ತೇರಮ್ಮ" ಎಂದು ಗೌಡರ ಹೆಂಡತಿ ಇನ್ನೊಂದು ಸಲ ಹೇಳಿ ನೋಡಿದರು. "ಹೂಂ. ಎಸ್ತೇರಮ್ಮ ಮಾಡಿದ್ದು ಅಂತೀನಿ."